ಎಂಟು ಪಟ್ಟೋ ಹತ್ತು ಪಟ್ಟೋ: ಮಾಗಡಿ ಕೆರೆಯಲ್ಲಿ ದುರ್ಬೀನು ಪರೀಕ್ಷೆ

8×42 ಮತ್ತು 10×42 ದುರ್ಬೀನುಗಳ (ಮೊದಲ ಅಂಕಿ ಹಿಗ್ಗಿಸುವ ಪಟ್ಟು, ಎರಡನೆಯದು ಮುಂಭಾಗದ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ) ಹೋಲಿಕೆಯನ್ನು ಈ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಡೆಸಿದ್ದೇನೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ 2024ರಲ್ಲಿ ಸೇರಿದ ಈ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಹಿಂಡುಗಳಲ್ಲಿ ವಲಸೆ ಬರುತ್ತವೆ. ಬೆಳೆದ ಹಕ್ಕಿಯ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಆ ವರ್ಷದ ಮರಿಗಳಲ್ಲಿ ಅವು ಇನ್ನೂ ಮೂಡಿರುವುದಿಲ್ಲ. ಹೀಗಾಗಿ ದೂರದ ಹಿಂಡಿನಲ್ಲಿ ಮರಿಗಳನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವೇ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಲೆಕ್ಕದ ಪ್ರಕಾರ 300 ಮೀಟರ್ ದೂರದ ಹಕ್ಕಿ ಎಂಟು ಪಟ್ಟಿನಲ್ಲಿ 37.5 ಮೀಟರಿಗೂ ಹತ್ತು ಪಟ್ಟಿನಲ್ಲಿ 30 ಮೀಟರಿಗೂ ಬಂದಂತೆ ಕಾಣಬೇಕು, ಅಂದರೆ ಹೆಚ್ಚುವರಿ ಗಾತ್ರ ಕಾಲು ಭಾಗ ಮಾತ್ರ. ನಿಂತು ಬರಿಗೈಯಲ್ಲಿ ಹಿಡಿದಾಗ ಈ ಕಾಲು ಭಾಗವೂ ದಕ್ಕುವುದಿಲ್ಲ, ಏಕೆಂದರೆ ಹಕ್ಕಿಯಷ್ಟೇ ಕೈಯ ನಡುಕವೂ ಹಿಗ್ಗುತ್ತದೆ, ಅದರಲ್ಲೂ ಏರಿಯ ಮೇಲೆ ಗಾಳಿ ಬೀಸುತ್ತಿದ್ದರೆ ತಲೆಯ ಪಟ್ಟೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಎಂಟು ಪಟ್ಟಿನಲ್ಲಿ ಚಿತ್ರ ಚಿಕ್ಕದಾದರೂ ನಿಲ್ಲುತ್ತದೆ, ಮರಿಗಳೂ ಬೇಗ ಗೊತ್ತಾಗುತ್ತವೆ. ಆದರೆ ಕುಳಿತು ಮೊಣಕೈಗಳನ್ನು ಮಂಡಿಗೆ ಊರಿದರೆ, ಅಥವಾ ಒಂಟಿಕಾಲಿನ ಸ್ಟ್ಯಾಂಡಿಗೆ ದುರ್ಬೀನನ್ನು ಒರಗಿಸಿದರೆ, ಹತ್ತು ಪಟ್ಟು ಸ್ಪಷ್ಟವಾಗಿ ಮುಂದಾಗುತ್ತದೆ. ಅಂಗಡಿಯಲ್ಲಿ ಎದುರು ಗೋಡೆಯ ಫಲಕವನ್ನು ಓದಿಸಿ ಮಾರುವವರು ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಬಿಸಿಲೇರಿದ ಮೇಲಿನ ಸಂಗತಿಯೇ ಬೇರೆ. ಸುತ್ತಲಿನ ಎರೆಭೂಮಿ ಕಾದು ಗಾಳಿ ಅಲುಗಾಡತೊಡಗಿದರೆ, ದೂರದ ದಂಡೆಯ ಹಿಂಡು ಎರಡು ದುರ್ಬೀನುಗಳಲ್ಲೂ ಒಂದೇ ರೀತಿ ನೀರಿನಡಿಯ ಕಲ್ಲಿನಂತೆ ಕದಲುತ್ತದೆ. ಗಾಜು ಎಷ್ಟೇ ದುಬಾರಿಯಾಗಿರಲಿ, ಮಧ್ಯದ ಗಾಳಿಯ ಕಲಕುವಿಕೆಯನ್ನು ಅದು ಹಿಗ್ಗಿಸಬಲ್ಲದೇ ಹೊರತು ತೊಲಗಿಸಲಾರದು. ಕಟ್ಟೆಯ ಹತ್ತಿರದ ಹಕ್ಕಿಗಳಿಗೆ ಈ ತೊಂದರೆ ಅಷ್ಟಾಗಿಲ್ಲ.

ಮುಂಜಾವಿನ ಮಬ್ಬಿನಲ್ಲಿ ಎಂಟು ಪಟ್ಟಿನದೇ ಮೇಲುಗೈ. 42 ಮಿಲಿಮೀಟರ್ ಗಾಜನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ವ್ಯಾಸ ಸಿಗುತ್ತದೆ: ಒಂದರಲ್ಲಿ 5.25 ಮಿಲಿಮೀಟರ್, ಇನ್ನೊಂದರಲ್ಲಿ 4.2. ನಡುಹಗಲಿನಲ್ಲಿ ಕಣ್ಣಿನ ಪಾಪೆಯೇ ಕುಗ್ಗಿರುವುದರಿಂದ ಈ ಅಂತರ ಲೆಕ್ಕಕ್ಕೆ ಬರುವುದಿಲ್ಲ. ಹೊಲಗಳಲ್ಲಿ ಮೇದು ಕೆರೆಗೆ ಮರಳುವ ಹಿಂಡನ್ನು ಹಾರಾಟದಲ್ಲಿ ಹಿಂಬಾಲಿಸುವುದಕ್ಕೂ ಎಂಟು ಪಟ್ಟಿನ ಅಗಲ ನೋಟವೇ ಅನುಕೂಲ.

ಸದ್ಯಕ್ಕೆ ಕೊರಳಿಗೆ 8×42, ಚೀಲದಲ್ಲಿ 10×42 ಮತ್ತು ಒಂಟಿಕಾಲಿನ ಸ್ಟ್ಯಾಂಡ್ ಎಂದು ನಿರ್ಧರಿಸಿದ್ದೇನೆ. ಮುಂದಿನ ಹಂತದಲ್ಲಿ ಗೆಳೆಯರೊಬ್ಬರ 15×56 ದುರ್ಬೀನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಬಿಸಿಲು ಬಲಿಯುವ ಮೊದಲಷ್ಟೇ ಪರೀಕ್ಷಿಸುವೆ. ಮಂಗೋಲಿಯಾದಲ್ಲಿ ಸಂಶೋಧಕರು ಹೆಬ್ಬಾತುಗಳ ಕೊರಳಿಗೆ ತೊಡಿಸಿದ ಪಟ್ಟಿಯ ಅಕ್ಷರಗಳನ್ನು ಓದಲು ಅಷ್ಟು ವರ್ಧನೆ ಬೇಕಾದೀತು.