ದಿನಕ್ಕೆ ನಾಲ್ಕು ವಚನ: ಆಗಮನ ಕಾಲದಲ್ಲಿ ಫಿಲಿಪ್ಪಿ ಪತ್ರಿಕೆ

ಆಗಮನ ಕಾಲದ ಮೂರನೇ ಭಾನುವಾರ ಹಚ್ಚುವ ಮೇಣದ ಬತ್ತಿಯ ಬಣ್ಣವೇ ಬೇರೆ. ಉಳಿದ ಮೂರು ನೇರಳೆ, ಇದೊಂದು ಗುಲಾಬಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಇದು ಸಂತೋಷದ ಭಾನುವಾರ. ಹಳೆಯ ಲ್ಯಾಟಿನ್ ಆರಾಧನೆಯಲ್ಲಿ ಆ ದಿನದ ಪೂಜೆ ಶುರುವಾಗುತ್ತಿದ್ದದ್ದೇ 'ಸಂತೋಷಪಡಿರಿ' ಅನ್ನುವ ಮಾತಿನಿಂದ. ಮಾತು ಪೌಲನದು, ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರಿದ ಅಪೊಸ್ತಲನದು. ಫಿಲಿಪ್ಪಿ ಊರಿನ ಸಭೆಯವರಿಗೆ ಅವನು ಬರೆದ ಪತ್ರ ಬೈಬಲಿನಲ್ಲಿ ಫಿಲಿಪ್ಪಿ ಪತ್ರಿಕೆ ಅಂತ ಸೇರಿದೆ, ಅದರ ನಾಲ್ಕನೇ ಅಧ್ಯಾಯದಲ್ಲಿದೆ: 'ಯಾವಾಗಲೂ ಕರ್ತನಲ್ಲಿ ಸಂತೋಷಪಡಿರಿ, ಸಂತೋಷಪಡಿರಿ ಎಂದು ತಿರುಗಿ ಹೇಳುತ್ತೇನೆ.'

ಯಾವಾಗಲೂ. ಈ ಒಂದು ಮಾತಿನ ಹತ್ತಿರ ಬಂದಾಗ ಎಷ್ಟು ಜನ ನಿಂತುಬಿಡುತ್ತಾರೆ! ಮನೆಯಲ್ಲಿ ಕಾಯಿಲೆ ಇದೆ, ಸಾಲ ಇದೆ, ಈ ವರ್ಷ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಂಥವರಿಗೆ 'ಯಾವಾಗಲೂ ಸಂತೋಷಪಡಿ' ಅಂದರೆ ಅದು ಸಮಾಧಾನವಾಗಿ ಕೇಳಿಸುವುದಿಲ್ಲ, ಹೊರೆಯಾಗಿ ಕೇಳಿಸುತ್ತದೆ. ಅದಕ್ಕೇ ಈ ವಚನವನ್ನು ಒಂಟಿಯಾಗಿ ಓದಬಾರದು, ಇಡೀ ಪತ್ರಿಕೆಯ ಜೊತೆಗೇ ಓದಬೇಕು ಅಂತ ನನ್ನ ಅನಿಸಿಕೆ. ಅದೂ ಒಂದೇ ಸಲ ಅಲ್ಲ, ದಿನಾ ಸ್ವಲ್ಪ ಸ್ವಲ್ಪ. ಆಗಮನ ಕಾಲಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ: ಅಧ್ಯಾಯ ನಾಲ್ಕು, ವಾರವೂ ನಾಲ್ಕು. ಒಟ್ಟು 104 ವಚನ. ದಿನಕ್ಕೆ ನಾಲ್ಕೇ ನಾಲ್ಕು.

ನಮ್ಮ ಮನೆಯಲ್ಲಿ ಹೀಗೆ ಓದುವುದನ್ನು ಕಲಿಸಿದವರು ದೊಡ್ಡಮ್ಮ. ಅವರು ಮನಸ್ಸಿನಲ್ಲಿ ಓದಿಕೊಳ್ಳುವವರಲ್ಲ. ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಸತ್ಯವೇದವನ್ನು, ಅಂದರೆ ಬೈಬಲನ್ನು, ತೊಡೆಯ ಮೇಲೆ ಇಟ್ಟುಕೊಂಡು ಜೋರಾಗಿಯೇ ಓದುತ್ತಾರೆ. ನಡುನಡುವೆ ಪೌಲನಿಗೆ ಉತ್ತರವನ್ನೂ ಕೊಡುತ್ತಾರೆ. 'ಹೌದಪ್ಪಾ, ನೀನು ಹೇಳಿದ್ದು ನಿಜ' ಅನ್ನುತ್ತಾರೆ. ಕೆಲವು ಸಲ 'ಇದು ನನ್ನಿಂದ ಆಗೋದಿಲ್ಲ ಸ್ವಾಮೀ' ಅಂತ ಅಲ್ಲೇ ಪ್ರಾರ್ಥನೆಗೆ ಇಳಿಯುತ್ತಾರೆ. ಪೌಲನ ಕಾಲದಲ್ಲೂ ಈ ಪತ್ರ ಹೀಗೇ ಜನರ ಕಿವಿಗೆ ಬಿದ್ದದ್ದು. ಸಭೆ ಕೂಡಿದಾಗ ಒಬ್ಬರು ಎದ್ದು ನಿಂತು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು.

ಆ ಕೇಳುಗರು ಯಾರು ಅಂತ ಗೊತ್ತಾದರೆ 'ಸಂತೋಷಪಡಿರಿ' ಅನ್ನುವ ಮಾತಿನ ತೂಕವೇ ಬದಲಾಗುತ್ತದೆ. ಅದಕ್ಕೆ ಬೈಬಲಿನ ಇನ್ನೊಂದು ಪುಸ್ತಕ, ಅಪೊಸ್ತಲರ ಕೃತ್ಯಗಳು, ಅದರ 16ನೇ ಅಧ್ಯಾಯ ತೆಗೆಯಬೇಕು. ಫಿಲಿಪ್ಪಿ ಮಕೆದೋನ್ಯದ ಊರು, ಈಗಿನ ಗ್ರೀಸ್ ದೇಶದ ಉತ್ತರಕ್ಕಿದೆ. ಅಲೆಕ್ಸಾಂಡರನ ತಂದೆ ಫಿಲಿಪ್ಪನ ಹೆಸರು ಅದಕ್ಕೆ. ಪೌಲನ ಹೊತ್ತಿಗೆ ಅದು ರೋಮಿನ ವಸಾಹತು. ಅಲ್ಲಿ ಪೌಲನಿಗೆ ಮೊದಲು ಸಿಕ್ಕಿದ್ದು ಊರಬಾಗಿಲಿನ ಆಚೆ, ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು. ಅವರಲ್ಲಿ ಒಬ್ಬಳು ಲುದ್ಯ, ಥುವತೈರ ಊರಿನವಳು, ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಮಾತು ಕೇಳಿದಳು, ಮನೆಯವರ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡಳು, 'ನನ್ನ ಮನೆಗೆ ಬಂದು ಇರಿ' ಅಂತ ಒತ್ತಾಯ ಮಾಡಿ ಕರೆದುಕೊಂಡು ಹೋದಳು. ಫಿಲಿಪ್ಪಿಯ ಸಭೆ ಶುರುವಾದದ್ದು ಹೀಗೆ.

ಆಮೇಲೆ ಏಟು, ಸೆರೆ. ಪೌಲನಿಗೂ ಅವನ ಜೊತೆಗಾರ ಸೀಲನಿಗೂ ಚಡಿಯೇಟು ಹಾಕಿಸಿ, ಒಳಗಿನ ಕೋಣೆಗೆ ದಬ್ಬಿ, ಕಾಲಿಗೆ ಕೋಳ ಹಾಕಿದರು. ನಡುರಾತ್ರಿ ಅವರು ಪ್ರಾರ್ಥನೆ ಮಾಡುತ್ತಾ ಹಾಡುತ್ತಿದ್ದರು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಅಂತಲೂ ಬರೆದಿದೆ. ನನಗೆ ತುಂಬಾ ಪ್ರಿಯವಾದ ಸಾಲು ಅದು. ಆಮೇಲೆ ಭೂಕಂಪ ಆಯಿತು, ಬಾಗಿಲುಗಳು ತೆರೆದುಕೊಂಡವು. ಕೈದಿಗಳು ಓಡಿಹೋದರು ಅಂದುಕೊಂಡ ಸೆರೆಯ ಯಜಮಾನ ಕತ್ತಿ ಹಿರಿದು ತನ್ನ ಪ್ರಾಣವನ್ನೇ ತೆಗೆದುಕೊಳ್ಳಲು ಹೋದ. ಪೌಲ ಕೂಗಿ ತಡೆದ. ಅದೇ ರಾತ್ರಿ ಆ ಮನುಷ್ಯ ಅವರ ಗಾಯ ತೊಳೆದ, ಮನೆಗೆ ಕರೆದುಕೊಂಡು ಹೋಗಿ ಊಟಕ್ಕಿಟ್ಟ. ದೇವರನ್ನು ನಂಬಿದವನಾಗಿ ಮನೆಮಂದಿಯೆಲ್ಲರ ಜೊತೆ ಸಂತೋಷಪಟ್ಟ ಅಂತ ಆ ಭಾಗ ಮುಗಿಯುತ್ತದೆ.

ಎಷ್ಟೋ ವರ್ಷಗಳ ಮೇಲೆ, ಪೌಲ ಮತ್ತೆ ಬೇಡಿಯಲ್ಲಿದ್ದಾಗ, ಅವನ ಪತ್ರ ಅದೇ ಊರಿಗೆ ಬರುತ್ತದೆ. ಸಭೆಯಲ್ಲಿ ಓದುತ್ತಿದ್ದಾರೆ. ಲುದ್ಯ ಅಲ್ಲಿ ಇದ್ದಿರಬಹುದು. ಗಾಯ ತೊಳೆದ ಆ ಯಜಮಾನನ ಮನೆಯವರೂ ಕೂತಿರಬಹುದು. 'ಯಾವಾಗಲೂ ಸಂತೋಷಪಡಿರಿ' ಅನ್ನುವ ಸಾಲು ಬಂದಾಗ, 'ಇವನಿಗೇನು ಗೊತ್ತು ನಮ್ಮ ಕಷ್ಟ' ಅಂತ ಅವರಲ್ಲಿ ಒಬ್ಬರಾದರೂ ಅಂದುಕೊಂಡಿರಲು ಸಾಧ್ಯವೇ? ಸೆರೆಯಲ್ಲಿ ಅವನು ಹಾಡಿದ್ದು ಅವರದೇ ಊರಿನಲ್ಲಿ. ಕೋಳ ಹಾಕಿದ ಕೈಯೇ ಅವನ ಗಾಯ ತೊಳೆದಿತ್ತು. ಆ ಕೇಳುಗರ ನಡುವೆ ನಾನೂ ಹೋಗಿ ಕೂತೆ ಅಂತ ಅಂದುಕೊಂಡು ಓದಿದರೆ ಈ ಪತ್ರ ನನಗೆ ಹತ್ತಿರವಾಗುತ್ತದೆ.

ಮೊದಲ ವಾರದ ಓದಿಗೆ ಬರೋಣ. ಪೌಲ ಶುರು ಮಾಡುವುದೇ ಜನರನ್ನು ನೆನೆಯುತ್ತಾ. ನಿಮ್ಮನ್ನು ನೆನಪು ಮಾಡಿಕೊಂಡಾಗಲೆಲ್ಲ ದೇವರಿಗೆ ಸ್ತೋತ್ರ ಮಾಡುತ್ತೇನೆ, ನಿಮಗಾಗಿ ಪ್ರಾರ್ಥಿಸುವಾಗಲೆಲ್ಲ ಸಂತೋಷದಿಂದಲೇ ಪ್ರಾರ್ಥಿಸುತ್ತೇನೆ ಅನ್ನುತ್ತಾನೆ. ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋದರೆ, ಅವರನ್ನೇ 'ನನ್ನ ಸಂತೋಷವೂ ಜಯಮಾಲೆಯೂ' ಅಂತ ಕರೆಯುತ್ತಾನೆ. ದಿನಾ ನಾಲ್ಕು ವಚನ ಓದುತ್ತಾ ಹೋದಾಗ ನನಗೆ ಕಂಡದ್ದು ಇದು: ಪೌಲ ತನ್ನ ಸಂತೋಷದ ಬಗ್ಗೆ ಮಾತಾಡುವ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಇನ್ನೊಬ್ಬರು ಇರುತ್ತಾರೆ. ಒಂದೋ ಕ್ರಿಸ್ತ, ಇಲ್ಲವೇ ಫಿಲಿಪ್ಪಿಯ ಜನ, ಇಲ್ಲವೇ ಜೊತೆ ಕೆಲಸದವರಾದ ತಿಮೊಥೆ, ಎಪಫ್ರೊದೀತ. ತನ್ನೊಳಗೆ ಇಣುಕಿ 'ನಾನು ಈಗ ಖುಷಿಯಾಗಿದ್ದೇನಾ' ಅಂತ ಅವನು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ನಾವು ಜಾಸ್ತಿ ಕೇಳಿಕೊಳ್ಳುವುದು ಅದನ್ನೇ ಅಲ್ವಾ?

ದೊಡ್ಡಮ್ಮ ಓದು ಮುಗಿದ ಮೇಲೆ ಕಣ್ಣು ಮುಚ್ಚಿ ಹೆಸರುಗಳನ್ನು ಹೇಳುತ್ತಾರೆ. ಮೊದಲು ಮನೆಯವರು. ಆಮೇಲೆ ಅಕ್ಕಪಕ್ಕದವರು, ಮೀನು ತರುವ ಹೆಂಗಸು, ದುಬೈನಲ್ಲಿರುವ ತಮ್ಮನ ಮಗ, ಅವರ ಜೊತೆ ಮಾತು ಬಿಟ್ಟ ಸಂಬಂಧಿಕರು ಕೂಡ. ಒಂದು ಹೆಸರಿಗೆ ಒಂದೇ ವಾಕ್ಯ. ಕೊನೆಯಲ್ಲಿ ಅವರ ಮುಖ ನೋಡಬೇಕು ನೀವು, ಆಗಷ್ಟೇ ಮನೆಗೆ ನೆಂಟರು ಬಂದ ಹಾಗೆ ಅರಳಿರುತ್ತದೆ.

ಎರಡನೇ ವಾರದಲ್ಲಿ ಎಪಫ್ರೊದೀತನ ಕಥೆ ಬರುತ್ತದೆ. ಹೆಚ್ಚು ಜನ ಇದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ, ನಾನು ಇಲ್ಲಿ ನಿಲ್ಲುತ್ತೇನೆ. ಆ ಕಾಲದ ಕೈದಿಗೆ ಊಟ, ಬಟ್ಟೆ ಎಲ್ಲ ಬಹುಮಟ್ಟಿಗೆ ತನ್ನವರಿಂದಲೇ ಬರಬೇಕಿತ್ತು. ಫಿಲಿಪ್ಪಿಯವರು ಸಹಾಯ ಕೂಡಿಸಿ ಇವನ ಕೈಯಲ್ಲಿ ಕಳಿಸಿದರು. ಬಂದವನು ಕಾಯಿಲೆ ಬಿದ್ದು ಸಾಯುವ ಹಾಗಾದ. ಆಮೇಲೆ ಚೇತರಿಸಿಕೊಂಡ. ಈ ಸುದ್ದಿ ಊರಿಗೆ ಮುಟ್ಟಿತು ಅಂತ ತಿಳಿದು, ಊರವರು ಗಾಬರಿಯಾಗಿರುತ್ತಾರಲ್ಲ ಅಂತ ಅವನಿಗೇ ಚಿಂತೆ ಹತ್ತಿತು! ಪೌಲ ಬರೆಯುತ್ತಾನೆ: ದೇವರು ಅವನಿಗೆ ಮಾತ್ರವಲ್ಲ, ನನಗೂ ಕರುಣೆ ತೋರಿಸಿದನು, ನನಗೆ ದುಃಖದ ಮೇಲೆ ದುಃಖ ಬಾರದಂತೆ ಮಾಡಿದನು.

ದುಃಖದ ಮೇಲೆ ದುಃಖ. ಸಂತೋಷದ ಪತ್ರಿಕೆ ಅಂತ ಹೆಸರಾದ ಪತ್ರಿಕೆಯಲ್ಲೇ ಈ ಮಾತಿದೆ. ಅಂದರೆ ಒಂದು ದುಃಖ ಆಗಲೇ ಅವನಿಗಿತ್ತು. ಮೂರನೇ ಅಧ್ಯಾಯದಲ್ಲಂತೂ, ಕ್ರಿಸ್ತನ ಶಿಲುಬೆಗೆ ವಿರೋಧಿಗಳಾಗಿ ನಡೆಯುವವರ ವಿಷಯವನ್ನು ಅಳುತ್ತಾ ಹೇಳುತ್ತೇನೆ ಅನ್ನುತ್ತಾನೆ. ಅತ್ತ ಮನುಷ್ಯನೇ ಕೆಲವೇ ಸಾಲುಗಳ ಮುಂದೆ 'ಸಂತೋಷಪಡಿರಿ ಎಂದು ತಿರುಗಿ ಹೇಳುತ್ತೇನೆ' ಅನ್ನುವುದು. ಮನೆಯಲ್ಲಿ ಸಾವಾದ ವರ್ಷ ಕ್ರಿಸ್‌ಮಸ್ ಹತ್ತಿರ ಬಂದರೆ ನಕ್ಷತ್ರ ತೂಗು ಹಾಕುವುದೋ ಬೇಡವೋ, ಹಬ್ಬದ ತಿಂಡಿ ಕುಸ್ವಾರ್ ಮಾಡುವುದೋ ಬೇಡವೋ ಅಂತ ಒದ್ದಾಡುವವರಿಗೆ ನಾನು ಈ ಎರಡು ಕಡೆಗಳನ್ನು ತೋರಿಸುತ್ತೇನೆ. ಕಣ್ಣೀರು ಇದ್ದರೆ ಸಂತೋಷಕ್ಕೆ ಜಾಗವಿಲ್ಲ ಅಂತ ಪೌಲ ಎಲ್ಲೂ ಹೇಳಿಲ್ಲ. ನಕ್ಷತ್ರ ಹಾಕಿ, ಅಳು ಬಂದರೆ ಅತ್ತುಬಿಡಿ.

ನಾಲ್ಕನೇ ಅಧ್ಯಾಯಕ್ಕೆ ಬಂದರೆ, ಪ್ರಸಿದ್ಧ ವಚನದ ಎರಡೇ ವಚನ ಹಿಂದೆ ಒಂದು ಜಗಳ ಇದೆ. ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರು. ಇಬ್ಬರೂ ಸುವಾರ್ತೆಗಾಗಿ ಪೌಲನ ಜೊತೆ ದುಡಿದವರು. ಅವರ ನಡುವೆ ಏನೋ ಬಂದಿತ್ತು. ಕರ್ತನಲ್ಲಿ ಒಂದೇ ಮನಸ್ಸಿನಿಂದ ಇರಿ ಅಂತ ಬೇಡಿಕೊಂಡು, ಇವರಿಗೆ ಸಹಾಯ ಮಾಡಪ್ಪಾ ಅಂತ ಇನ್ನೊಬ್ಬನಿಗೆ ಹೇಳಿ, ಅದರ ಬೆನ್ನಿಗೇ 'ಸಂತೋಷಪಡಿರಿ' ಅನ್ನುತ್ತಾನೆ. ಎಷ್ಟೋ ಸಭೆಗಳಲ್ಲಿ ಹಬ್ಬದ ಕೆಲಸದ ಹೊತ್ತಿಗೇ ಮನಸ್ತಾಪ ಜಾಸ್ತಿ. ಕ್ಯಾರಲ್ಸ್ ತಂಡ ಯಾರ ಮನೆಗೆ ಮೊದಲು ಹೋಗಬೇಕು, ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಯಾರು ಕಟ್ಟಬೇಕು, ಹೀಗೆ ಚಿಕ್ಕ ವಿಷಯ. ಆ ದಿನದ ನಾಲ್ಕು ವಚನಕ್ಕೆ ಉತ್ತರ ಅಂತ ಒಂದು ಫೋನ್ ಮಾಡಿಬಿಡುವುದು ಒಳ್ಳೆಯದು. 'ಹಬ್ಬಕ್ಕೆ ಬನ್ನಿ' ಅಂದರೆ ಸಾಕು.

ಇದೇ ಅಧ್ಯಾಯದ ಇನ್ನೊಂದು ವಚನ ಎಲ್ಲರಿಗೂ ಗೊತ್ತು. ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವುದು. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ, ಆಟೋದ ಗಾಜಿನ ಮೇಲೆ ಓದಿರುತ್ತೀರಿ. ಆ ಕಾರ್ಡನ್ನು ವರ್ಷವಿಡೀ ಪರ್ಸಿನಲ್ಲಿ ಇಟ್ಟುಕೊಂಡು ಧೈರ್ಯ ಪಡೆದವರನ್ನು ನಾನು ಬಲ್ಲೆ, ದೇವರು ಅದನ್ನೂ ಬಳಸುತ್ತಾನೆ. ಆದರೆ ದಿನಾ ಓದುವವರಿಗೆ ಅದರ ಹಿಂದಿನ ಸಾಲುಗಳೂ ಸಿಗುತ್ತವೆ. ತೃಪ್ತನಾಗಿರುವುದಕ್ಕೂ ಹಸಿದಿರುವುದಕ್ಕೂ, ಸಮೃದ್ಧಿಗೂ ಕೊರತೆಗೂ ನನಗೆ ಗುಟ್ಟು ತಿಳಿದಿದೆ, ಇದ್ದ ಸ್ಥಿತಿಯಲ್ಲಿ ಸಂತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು, ಯೇಸುವಿನ ಮಾತು ಕೇಳಿ ಬದಲಾದವನು ಈ ಮನುಷ್ಯ. ಅವನೂ ಕಲಿಯಬೇಕಾಯಿತು. ಆ ಒಂದು ಬೆಳಕಿನಲ್ಲೇ ಎಲ್ಲ ಸಿಕ್ಕಿಬಿಡಲಿಲ್ಲ. ಓದಲು ಕೂತಾಗ ಮನಸ್ಸು ಒಣಗಿದ್ದರೆ, ಏನೂ ಅನಿಸದಿದ್ದರೆ, ನನಗೆ ಬಲ ಕೊಡುವುದು ಈ ಮಾತು. ಇವತ್ತಿನ ನಾಲ್ಕು ವಚನ ಇವತ್ತಿನ ಪಾಠ. ನಾಳೆ ಇನ್ನು ನಾಲ್ಕು.

ಇದೆಲ್ಲ ನಮ್ಮ ಭಾಷೆಯಲ್ಲೇ ಓದಲು ಸಿಗುತ್ತಿರುವುದೂ ದೇವರ ಕೃಪೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅಂಥವರು ವರ್ಷಗಟ್ಟಲೆ ದುಡಿದು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೌಲನ ಜೊತೆ ಕನ್ನಡದಲ್ಲಿ ಮಾತಾಡಲು ಆಗುವುದು ಅಂಥವರ ಬೆವರಿನಿಂದ.

ಈ ಸಲ ನೀವೂ ಓದಿ ನೋಡಿ. ಮೊದಲ ಭಾನುವಾರ ಬತ್ತಿ ಹಚ್ಚಿದ ಮೇಲೆ ಒಂದನೇ ಅಧ್ಯಾಯವನ್ನು ಮನೆಯವರೆಲ್ಲ ಕೂತು ಒಂದೇ ಸಲ ಜೋರಾಗಿ ಓದಿ. ಸೋಮವಾರದಿಂದ ದಿನಕ್ಕೆ ನಾಲ್ಕು ವಚನ, ಓದಿದ ಮೇಲೆ ಹೆಸರು ಹೇಳಿ ಪ್ರಾರ್ಥನೆ. ನಾಲ್ಕನೇ ವಾರಕ್ಕೆ ದಿನಗಳು ಕಡಿಮೆ ಬೀಳುವುದುಂಟು, ಕ್ರಿಸ್‌ಮಸ್ ಯಾವ ವಾರ ಬರುತ್ತದೆ ಅನ್ನುವುದರ ಮೇಲಿದೆ. ಆಗ ಎರಡು ದಿನದ್ದನ್ನು ಒಟ್ಟಿಗೆ ಓದಿದರಾಯಿತು. ಮಕ್ಕಳಿದ್ದರೆ ಗೋದಲಿಗೆ ಅಂತ ಚಿಕ್ಕ ಡಬ್ಬಿಗಳಲ್ಲಿ ಭತ್ತ ಬಿತ್ತುತ್ತಾರಲ್ಲ, ಅದಕ್ಕೆ ನೀರು ಹಾಕುವ ಹೊತ್ತನ್ನೇ ಓದುವ ಹೊತ್ತು ಮಾಡಿಕೊಳ್ಳಿ, ಅವರೇ ನೆನಪು ಮಾಡುತ್ತಾರೆ. ಪತ್ರಿಕೆಯ ಕೊನೆಯ ವಂದನೆಗಳನ್ನು ಮಾತ್ರ ಬಿಡಬೇಡಿ. ಅಲ್ಲಿ ಪೌಲ, ದೇವಜನರೆಲ್ಲರೂ ನಿಮಗೆ ವಂದನೆ ಹೇಳುತ್ತಾರೆ, ಮುಖ್ಯವಾಗಿ ಕೈಸರನ (ರೋಮಿನ ಚಕ್ರವರ್ತಿಯ) ಅರಮನೆಗೆ ಸೇರಿದವರು ಹೇಳುತ್ತಾರೆ ಅಂತ ಬರೆದಿದ್ದಾನೆ. ಅವನನ್ನು ಬೇಡಿಯಲ್ಲಿ ಇಟ್ಟ ಆಳ್ವಿಕೆಯ ಮನೆಯೊಳಗೇ ಅವನಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಹುಟ್ಟಿಕೊಂಡಿದ್ದರು.