ಡಾಕ್ಟರ್ ಎಕ್ಸ್ ಪ್ರಯೋಗಾಲಯ: ಎರಡೇ ಬಣ್ಣದಲ್ಲಿ ಫ್ಲಾಸ್ಕ್ ಹೊಳೆಸಿದ ಬಗೆ

ಕೊನೆಗೂ ಫ್ಲಾಸ್ಕ್ ಹೊಳೆಯಿತು! ‘ಡಾಕ್ಟರ್ ಎಕ್ಸ್’ ಸಿನಿಮಾದ ಪ್ರಯೋಗಾಲಯದ ಪುಟ್ಟ ಮಾದರಿ ಇದು. 1:12 ಅಳತೆಯ ಗೋಡೆ, ಮೇಜು, ಗಾಜಿನ ಸಾಮಾನು ಮುಗಿದು ಬಹಳ ದಿನವಾಯಿತು. ಬಾಕಿ ಇದ್ದದ್ದು ಬಣ್ಣದ ತಕರಾರು ಒಂದೇ.

ಮೈಕೆಲ್ ಕರ್ಟಿಜ್ 1932ರಲ್ಲಿ ‘ಡಾಕ್ಟರ್ ಎಕ್ಸ್’ ತೆಗೆದದ್ದು ಎರಡು ಬಣ್ಣದ ಟೆಕ್ನಿಕಲರ್‌ನಲ್ಲಿ, ಅಂದರೆ ಎರಡೇ ಬಣ್ಣದಿಂದ ಇಡೀ ಚಿತ್ರ ಕಟ್ಟುವ ಹಳೆಯ ವಿಧಾನದಲ್ಲಿ. ಕ್ಯಾಮೆರಾದೊಳಗೇ ಬೆಳಕನ್ನು ಸೀಳಿ ಕೆಂಪಿಗೊಂದು, ಹಸಿರಿಗೊಂದು ಚಿತ್ರ. ಇಲ್ಲಿಯೂ ಅದೇ ಲೆಕ್ಕ: 25ನೇ ನಂಬರಿನ ಕೆಂಪು ಫಿಲ್ಟರ್ ಹಾಕಿ ಒಂದು ಕಪ್ಪುಬಿಳುಪು ಫೋಟೊ, 58ರ ಹಸಿರು ಹಾಕಿ ಇನ್ನೊಂದು. ಮೊದಲನೆಯದರ ಕಪ್ಪಿಗೆ ನೀಲಿಹಸಿರು, ಎರಡನೆಯದರ ಕಪ್ಪಿಗೆ ಕಿತ್ತಳೆಗೆಂಪು ಕೊಟ್ಟು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಮಲ್ಟಿಪ್ಲೈ (ಎರಡರ ಬಣ್ಣವೂ ಸೇರಿ ಗಾಢವಾಗುವ ಬಗೆ).

ಗೊಂಬೆಗಳ ಮುಖ ಮೊದಲ ಸಲಕ್ಕೇ ಸೊಗಸಾಗಿ ಬಂತು. ಆದರೆ ನೀಲಿ ಎಲ್‌ಇಡಿ ಇಟ್ಟ ಫ್ಲಾಸ್ಕ್ ಮಸಿ ಬಳಿದಂತೆ ಕಪ್ಪು. ಎಕ್ಸ್‌ಪೋಷರ್ ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು ಬೆಳಕು) ಏರಿಸಿದರೆ ಗೋಡೆ ಬೆಳ್ಳಗಾಯಿತೇ ಹೊರತು ಫ್ಲಾಸ್ಕ್ ಜಗ್ಗಲಿಲ್ಲ. ‘ಡಾಕ್ಟರ್ ಎಕ್ಸ್’ ಸಿನಿಮಾದ ಮಜಾ ಇರುವುದೇ ನಗುವೂ ಭಯವೂ ಒಟ್ಟಿಗೆ ಕೂತಿರುವುದರಲ್ಲಿ. ಲೀ ಟ್ರೇಸಿ ನಟಿಸಿದ ಪತ್ರಕರ್ತ ಅಂಗೈಯಲ್ಲಿ ಕುಚೇಷ್ಟೆಯ ಬಜರ್ ಬಚ್ಚಿಟ್ಟು ಕೈಕುಲುಕುತ್ತಾನೆ, ಇನ್ನೊಂದೆಡೆ ಪ್ರಯೋಗಾಲಯ ಹಸಿರಾಗಿ ಉರಿಯುತ್ತದೆ. ಆ ಹೊಳಪು ಸತ್ತರೆ ಭಯವೇ ಇಲ್ಲ.

ಕಾರಣ ಸರಳ. ನೀಲಿ ಎಲ್‌ಇಡಿಯ ಬೆಳಕಿನ ತರಂಗಾಂತರ (ಬಣ್ಣ ಗುರುತಿಸುವ ಅಲೆಯ ಉದ್ದ) ಸುಮಾರು 465 ನ್ಯಾನೊಮೀಟರ್. 25 ಬಿಡುವುದು 590ರಿಂದ ಮೇಲೆ, 58 ಬಿಡುವುದು ಹೆಚ್ಚುಕಡಿಮೆ 480ರಿಂದ. ಎರಡೂ ಬಾಗಿಲು ಮುಚ್ಚಿದ ಮೇಲೆ ಎರಡೂ ಬಣ್ಣ ಪೂರ್ತಿ ಬಿದ್ದು ಕಪ್ಪಾಗದೆ ಇನ್ನೇನು? 505ರ ಸಯಾನ್ ಎಲ್‌ಇಡಿ ಹಾಕಿ (5 ವೋಲ್ಟ್, 100 ಓಮ್ ರೆಸಿಸ್ಟರ್), ಸುತ್ತ ಬಟರ್ ಪೇಪರ್ ಸುತ್ತಿದಾಗ ತಣ್ಣನೆಯ, ಮೈ ಜುಮ್ಮೆನ್ನುವ ನೀಲಿಹಸಿರು ಬಂತು. ಹಳದಿಯ ಪಾಡು ಇದಕ್ಕೆ ತಿರುವುಮುರುವು: ಎರಡೂ ಫಿಲ್ಟರ್ ದಾಟಿ ಬಾಟಲಿಯ ಅರಿಸಿನ ಬಣ್ಣದ ಲೇಬಲ್ ಬಿಳಿಚಿಕೊಂಡಿತು. ಅದಕ್ಕೆ ಇಟ್ಟಿಗೆಗೆಂಪು ಬಳಿಯಬೇಕು.

ಇನ್ನು ಫಿಲ್ಟರ್ ಮಾರುವವರು. ‘58’ ಎಂದು ಬಂದದ್ದು ಬರೀ ಹಸಿರು ಪ್ಲಾಸ್ಟಿಕ್ ಹಾಳೆ. ಕೊಳ್ಳುವಾಗಲೇ 25ರ ಮೇಲಿಟ್ಟು ಬಿಳಿ ಎಲ್‌ಇಡಿ ಬಲ್ಬ್ ನೋಡಿ, ಬಹುತೇಕ ಕತ್ತಲಾಗಬೇಕು. ಕೆಂಪು ಸೋರಿದರೆ ವಾಪಸ್ ಕೊಡಿ. ಫಿಲ್ಟರನ್ನು ಲೆನ್ಸಿಗೆ ತಿರುಗಿಸಿ ಕೂರಿಸಬೇಡಿ, ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಕೆಂಪು ಗೆರೆ ಏಳುತ್ತದೆ. ಬೇರೆ ಸ್ಟ್ಯಾಂಡಿಗೆ ಕ್ಲಿಪ್ ಹಾಕಿ, ಲೆನ್ಸಿನ ಮುಂದೆ ಹಿಡಿಯುವಂತೆ ಮಾಡಿದರೆ ಸಾಕು.

ಮುಂದಿನದು ಪೌಲ್ ಲೆನಿಯ 1927ರ ‘ದಿ ಕ್ಯಾಟ್ ಅಂಡ್ ದಿ ಕ್ಯಾನರಿ’ ಸಿನಿಮಾದ ಶೀರ್ಷಿಕೆ: ಕೈಯೊಂದು ಜೇಡರಬಲೆ ಸರಿಸಿದಂತೆ ಅಕ್ಷರ ಮೂಡಬೇಕು. ಗಾಜಿನ ಕೆಳಗೆ ಅಕ್ಷರ, ಮೇಲೆ ಜರಡಿ ಹಿಡಿದ ಮುಲ್ತಾನಿ ಮಿಟ್ಟಿ, ಬಲೆಗೆ ಬಿಸಿ ಅಂಟಿನ ಎಳೆ. ಅಂಟು ಗಾಜಿಗೇ ಕಚ್ಚದೆ ಒಂದೇ ಸವರಿಗೆ ಏಳುವಂತೆ ಮಾಡುವುದು ಹೇಗೆ? ಗಾಜಿಗೆ ತೆಳ್ಳಗೆ ಸಿಲಿಕೋನ್ ಎಣ್ಣೆ ಸವರಿ ಮೊದಲು ನೋಡಬೇಕು.