ಮಾಡೆಲ್ ಬಾಯ್ಲರ್: ತಗಡಿಗಿಂತ ಮೊದಲು ಬೆಸುಗೆ ಯೋಚಿಸಿ

ಪಾಲಿಟೆಕ್ನಿಕ್ ವರ್ಕ್‌ಶಾಪ್‌ನಲ್ಲಿ ನನ್ನ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಯಿತೆಂದರೆ ಸ್ಟೀಮ್ ಇಂಜಿನ್ ಮಾಡುವ ಆಸೆ ಹೊತ್ತು ಒಂದಾದರೂ ತಂಡ ಬರುತ್ತದೆ. ಪಿಸ್ಟನ್, ವಾಲ್ವ್ ಬಗ್ಗೆ ಎಲ್ಲ ಓದಿಕೊಂಡಿರುತ್ತಾರೆ. ಬಾಯ್ಲರ್ ವಿಷಯದಲ್ಲಿ ಮಾತ್ರ ಒಂದೇ ಪ್ರಶ್ನೆ: "ಸರ್, ಯಾವ ಮೆಟಲ್ ತಗೊಳ್ಳೋಣ?"

ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಪ್ರೆಶರ್ ಎಷ್ಟು? ಜಾಯಿಂಟ್ ಹೇಗೆ ಮಾಡ್ತೀರಿ? ಒಳಗಿನ ನೀರು ಮುಗಿದ ಮೇಲೂ ಬೆಂಕಿ ಉರಿಯುತ್ತಾ ಇರುತ್ತದಾ? ಇವಕ್ಕೆ ಉತ್ತರ ಸಿಕ್ಕಿದರೆ ಮೆಟಲ್ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ತಗಡು ಹರಿದುಹೋಗುತ್ತದೆ ಅನ್ನುವುದೇ ಎಲ್ಲರ ಭಯ. ಲೆಕ್ಕ ಹಾಕಿ ನೋಡೋಣ. 75 ಮಿ.ಮೀ. ವ್ಯಾಸದ ತಾಮ್ರದ ಕೊಳವೆ, 1.6 ಮಿ.ಮೀ. ದಪ್ಪ, 4 ಬಾರ್ ಪ್ರೆಶರ್ (1 ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಗೋಡೆಯ ಲೋಹವನ್ನು ಹರಿಯಲು ಎಳೆಯುವ ಬಲ ಚದರ ಮಿ.ಮೀ.ಗೆ ಸುಮಾರು 9.4 ನ್ಯೂಟನ್. ಕಾಯಿಸಿ ಮೆತ್ತಗಾದ ತಾಮ್ರ ಕೂಡ 200ರ ಹತ್ತಿರ ತಡೆಯುತ್ತದೆ. ಅಂದರೆ ಕೊಳವೆಗೆ ಏನೂ ಆಗುವುದಿಲ್ಲ. ಆದರೆ ಅದೇ ಬಾಯ್ಲರಿನ ಚಪ್ಪಟೆ ಮುಚ್ಚಳ ನೋಡಿ. 4 ಬಾರ್‌ಗೆ ಒಂದೊಂದು ಮುಚ್ಚಳದ ಮೇಲೂ ಸುಮಾರು 180 ಕೆ.ಜಿ. ಭಾರ. ಅಷ್ಟನ್ನೂ ಹಿಡಿದಿರುವುದು ಸುತ್ತಲಿನ ಬೆಸುಗೆ. ಅದಕ್ಕೇ ಎರಡೂ ಮುಚ್ಚಳ ಸೇರಿಸಿ ನಡುವೆ ಒಂದು ಸ್ಟೇ ರಾಡ್ ಹಾಕಿಸುತ್ತೇನೆ.

ಎಲೆಕ್ಟ್ರಾನಿಕ್ಸ್‌ನವರ 60/40 ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ. 4 ಬಾರ್ ಉಗಿ 152 ಡಿಗ್ರಿ ಇರುತ್ತದೆ. 31 ಡಿಗ್ರಿ ಅಂತರ ಇದೆಯಲ್ಲಾ ಅಂತ ವಾದಿಸುವ ಹುಡುಗರಿದ್ದಾರೆ. ಆ ಬಿಸಿಗೆ ಈ ಬೆಸುಗೆ ಕರಗುವ ಮೊದಲೇ ಸೋತು ನಿಧಾನವಾಗಿ ಜಾರುತ್ತದೆ. ನೀರು ಕಡಿಮೆಯಾಗಿ ಜ್ವಾಲೆ ಬರೀ ಲೋಹಕ್ಕೆ ತಾಗಿದರೆ 183 ದಾಟಲು ಹೊತ್ತು ಬೇಕಿಲ್ಲ. ಹಾಗಾಗಿ ಪ್ರೆಶರ್ ಹಿಡಿಯುವ ಯಾವ ಜಾಯಿಂಟಿಗೂ ನಮ್ಮಲ್ಲಿ ಸೀಸದ ಬೆಸುಗೆ ಇಲ್ಲ. ಸಿಲ್ವರ್ ಬ್ರೇಜಿಂಗ್, ಅಂದರೆ ಬೆಳ್ಳಿ ಬೆರೆತ ರಾಡ್ ಕರಗಿಸಿ ಮಾಡುವ ಗಟ್ಟಿ ಬೆಸುಗೆ ಮಾತ್ರ. 55 ಪರ್ಸೆಂಟ್ ಬೆಳ್ಳಿಯ ರಾಡ್ 630ರಿಂದ 660 ಡಿಗ್ರಿಯೊಳಗೆ ಕರಗುತ್ತದೆ. ಬೆಲೆ ಜಾಸ್ತಿ, ಹೌದು. ಕ್ಯಾಡ್ಮಿಯಂ ಇರುವ ಹಳೇ ರಾಡ್ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಅದರ ಹೊಗೆ ವಿಷ.

ಎಸಿ ಮೆಕ್ಯಾನಿಕ್‌ಗಳು ಬಳಸುವ ರಾಡ್ ಆಗಲ್ವಾ ಅಂತ ಕೇಳುತ್ತಾರೆ. ಅದು ತಾಮ್ರ-ರಂಜಕದ ರಾಡ್. ತಾಮ್ರಕ್ಕೆ ತಾಮ್ರ ಸೇರಿಸಲು ಚೆನ್ನಾಗಿದೆ. ಆದರೆ ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕ ಇರುತ್ತದೆ, ಅದು ಈ ಜಾಯಿಂಟನ್ನು ತಿನ್ನುತ್ತದೆ. ಉಕ್ಕಿಗೆ ಹಾಕಿದರೆ ಜಾಯಿಂಟ್ ಪೆಡಸಾಗಿ ಬಿರುಕು ಬಿಡುತ್ತದೆ. ಬೆಸುಗೆ, ಇಂಧನ, ಮೆಟಲ್ ಮೂರನ್ನೂ ಒಟ್ಟಿಗೇ ಯೋಚಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಮೆಟಲ್. ನನ್ನ ಆಯ್ಕೆ ತಾಮ್ರ. ಶಾಖ ಸಾಗಿಸುವುದರಲ್ಲಿ ಅದು ಮೈಲ್ಡ್ ಸ್ಟೀಲ್‌ಗಿಂತ ಸುಮಾರು ಎಂಟು ಪಟ್ಟು, ಸ್ಟೇನ್‌ಲೆಸ್‌ಗಿಂತ ಸುಮಾರು ಇಪ್ಪತ್ತೈದು ಪಟ್ಟು ಮುಂದೆ. ಬ್ರೇಜ್ ಮಾಡುವಾಗ ಈ ಗುಣವೇ ಕಾಟ ಕೊಡುತ್ತದೆ. ಜಾಯಿಂಟಿಗೆ ಕೊಟ್ಟ ಶಾಖವೆಲ್ಲ ಇಡೀ ಬಾಯ್ಲರಿಗೆ ಹರಡಿಹೋಗುತ್ತದೆ. ಚಿಕ್ಕ ಟಾರ್ಚ್ ಹಿಡಿದು ಸುಮ್ನೆ ಒದ್ದಾಡುವ ಬದಲು ಸುತ್ತ ಫೈರ್ ಬ್ರಿಕ್ ಜೋಡಿಸಿ ದೊಡ್ಡ ಬರ್ನರ್ ಇಡಿ. ಹಿತ್ತಾಳೆ ಬೇಡ, ಅದರಲ್ಲಿ ಸತುವಿದೆ. ಬಿಸಿ ನೀರಲ್ಲಿ ಸತು ನಿಧಾನವಾಗಿ ಬಿಟ್ಟುಹೋಗಿ ಲೋಹ ಟೊಳ್ಳಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ವಾಲ್ವ್ ಕೂರಿಸುವ ಬುಷ್‌ಗಳಿಗೂ ಹಿತ್ತಾಳೆ ಬದಲು ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ (ಎರಡೂ ತಾಮ್ರ-ತವರದ ಕಂಚುಗಳು) ತನ್ನಿ. ಮೈಲ್ಡ್ ಸ್ಟೀಲ್ ತುಕ್ಕು ಹಿಡಿಯುತ್ತದೆ, ಅದಕ್ಕೆ ಹೆಚ್ಚು ದಪ್ಪ ಬೇಕು, ಪಳಗಿದ ವೆಲ್ಡರ್ ಬೇಕು. ಅಲ್ಯುಮಿನಿಯಂ ಬೇಡವೇ ಬೇಡ. ಹಳೇ ಕುಕ್ಕರ್ ತಂದು ವೆಯ್ಟ್ ಬಿಗಿ ಮಾಡುತ್ತೇವೆ ಅಂದರೆ ಕುಕ್ಕರನ್ನು ನಾನೇ ಎತ್ತಿಡುತ್ತೇನೆ. ಅದನ್ನು ಮಾಡಿರುವುದು ಸುಮಾರು 1 ಬಾರ್‌ಗೆ.

ಬೆಂಕಿಯ ವಿಷಯಕ್ಕೆ ಬಂದರೆ, ಮೊದಲ ಬಾಯ್ಲರಿಗೆ ಸ್ಪಿರಿಟ್ ದೀಪಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 50 ಮಿ.ಲೀ. ಸ್ಪಿರಿಟ್ ಸುಟ್ಟರೆ ಸುಮಾರು 1,060 ಕಿಲೋಜೌಲ್ ಸಿಗುತ್ತದೆ. ಒಂದು ಲೀಟರ್ ತಣ್ಣೀರನ್ನು ಪೂರ್ತಿ ಉಗಿ ಮಾಡಲು ಸುಮಾರು 2,570 ಬೇಕು. ಒಂದು ಚೂರೂ ಶಾಖ ಪೋಲಾಗದಿದ್ದರೂ ಆ ಸ್ಪಿರಿಟ್ 410 ಮಿ.ಲೀ. ನೀರನ್ನಷ್ಟೇ ಉಗಿ ಮಾಡಬಲ್ಲದು. ನಿಜದಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖ ಗಾಳಿಗೆ ಹೋಗುತ್ತದೆ. ಅರ್ಧ ಲೀಟರ್ ನೀರು ತುಂಬಿ 50 ಮಿ.ಲೀ. ಅಳೆದು ಹಾಕಿದರೆ ನೀರಿಗಿಂತ ಮೊದಲು ಬೆಂಕಿಯೇ ಮುಗಿಯುತ್ತದೆ. ಇಂತಹ ಭರವಸೆ ಗ್ಯಾಸ್ ಕೊಡುವುದಿಲ್ಲ, ಕರೆಂಟೂ ಕೊಡುವುದಿಲ್ಲ. ಒಂದೇ ಎಚ್ಚರ: ಬಿಸಿಲಲ್ಲಿ ಸ್ಪಿರಿಟ್ ಜ್ವಾಲೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿಯಬಾರದು.

ಗ್ಯಾಸ್ ಬೇಕೇ ಬೇಕು ಅಂದರೆ ಒಳಗಿನ ನೀರಿನ ಮಟ್ಟ ತೋರಿಸುವ ವಾಟರ್ ಗೇಜ್ ಗ್ಲಾಸ್ ಇರಲೇಬೇಕು, ಒಬ್ಬರು ಅದನ್ನೇ ನೋಡುತ್ತಾ ನಿಲ್ಲಬೇಕು. ಹೀಟಿಂಗ್ ಕಾಯಿಲ್ ಹಾಕಿದರೆ ಅದು ಸದಾ ನೀರಲ್ಲಿ ಮುಳುಗಿರಬೇಕು. ಬಾಯ್ಲರಿನ ಮೈಗೆ ಅರ್ತಿಂಗ್, ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದೆ ನಾನು ಪ್ಲಗ್ ಹಾಕಲು ಬಿಡುವುದಿಲ್ಲ. ಉಗಿ ಸಾಲುತ್ತಿಲ್ಲ ಅನ್ನಿಸಿದರೆ ಬೆಂಕಿ ದೊಡ್ಡದು ಮಾಡುವ ಮೊದಲು ಬೆಂಕಿ ತಾಗುವ ಜಾಗ ಹೆಚ್ಚಿಸಿ. 1829ರಲ್ಲಿ ಸ್ಟೀಫನ್‌ಸನ್ ಅವರ ರಾಕೆಟ್ ರೈಲು ಇಂಜಿನ್ ರೇನ್‌ಹಿಲ್ ಸ್ಪರ್ಧೆ ಗೆದ್ದದ್ದರಲ್ಲಿ, ಬಿಸಿ ಹೊಗೆ ಹಾದುಹೋಗುತ್ತಿದ್ದ ಅದರ ಬಾಯ್ಲರಿನ 25 ತಾಮ್ರದ ಕೊಳವೆಗಳ ಪಾಲು ದೊಡ್ಡದು.

25 ಲೀಟರ್‌ಗಿಂತ ಚಿಕ್ಕ ಬಾಯ್ಲರ್ ನಮ್ಮ ಬಾಯ್ಲರ್ ಕಾಯ್ದೆಗೆ ಬರುವುದಿಲ್ಲ. 2025ರ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಇನ್‌ಸ್ಪೆಕ್ಟರ್ ಬಂದು ನೋಡುವುದಿಲ್ಲ. ಹಾಗಾಗಿ ಟೆಸ್ಟ್ ನಾವೇ ಮಾಡಬೇಕು. ಬಾಯ್ಲರ್ ಪೂರ್ತಿ ನೀರು ತುಂಬಿ, ಗಾಳಿ ಎಲ್ಲ ಹೊರಗೆ ಬಿಟ್ಟು, ಕೈ ಪಂಪಿನಿಂದ ಕೆಲಸದ ಪ್ರೆಶರಿನ ಎರಡರಷ್ಟು ಏರಿಸಿ. 4 ಬಾರ್ ಬಾಯ್ಲರಿಗೆ 8 ಬಾರ್. ಕಂಪ್ರೆಸರ್ ಗಾಳಿ ಬೇಡ. ನೀರು ಒತ್ತಿದರೂ ಕುಗ್ಗುವುದಿಲ್ಲ, ಜಾಯಿಂಟ್ ಬಿಟ್ಟರೆ ಪಿಚಕ್ಕನೆ ಸೋರಿ ನಿಲ್ಲುತ್ತದೆ. ಗಾಳಿಯಾದರೆ ತುಂಡುಗಳು ಹಾರುತ್ತವೆ. ಮುಚ್ಚಳ ಉಬ್ಬಿದೆಯಾ ಅಂತ ಸ್ಕೇಲ್ ಇಟ್ಟು ನೋಡಿ.

ಅದು ಪಾಸಾದ ಮೇಲೆ ಮೊದಲ ಉಗಿ, ಬಯಲಲ್ಲಿ. ಉಗಿ ಹೋಗುವ ವಾಲ್ವ್ ಮುಚ್ಚಿ ಬೆಂಕಿ ಪೂರ್ತಿ ಕೊಡಿ. ಸೇಫ್ಟಿ ವಾಲ್ವ್ ಒಂದೇ ಎಲ್ಲ ಉಗಿಯನ್ನೂ ಹೊರಗೆ ಬಿಡಬೇಕು. 4 ಬಾರ್‌ಗೆ ತೆರೆದ ಮೇಲೆ ಗೇಜಿನ ಮುಳ್ಳು 4.4 ದಾಟಬಾರದು. ದಾಟಿದರೆ ಬೆಂಕಿ ಆರಿಸಿ, ಬಾಯ್ಲರ್ ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ, ಲೇಥ್‌ಗೆ ಕೊಟ್ಟು ದೊಡ್ಡ ತೂತಿನ ವಾಲ್ವ್ ಮಾಡಿಸಿ.